ಅಮೆರಿಕದ ಪ್ರಿವಿಲೆಜ್ ಜಗಳ: ಮನಸ್ಸಿನ ಮಾತು ಸಾಕು, ಮನೆ ಮತ್ತು ಶಾಲೆಯ ಮಾತಾಡೋಣ

ತುಂಗಾತೀರ, ಮಿಚಿಗನ್

ಡೆಟ್ರಾಯಿಟ್‌ನಲ್ಲಿ ಎಯ್ಟ್ ಮೈಲ್ ರಸ್ತೆಯ ದಕ್ಷಿಣಕ್ಕೆ ಒಂದು ಕಾಂಕ್ರೀಟ್ ಗೋಡೆ ಇದೆ. ಅರ್ಧ ಮೈಲಿ ಉದ್ದ, ಆರಡಿ ಎತ್ತರ. 1941ರಲ್ಲಿ ಕಟ್ಟಿದ್ದು. ಬಿಳಿಯರಿಗೆಂದು ಬಡಾವಣೆ ಮಾಡಲು ಹೊರಟ ಒಬ್ಬ ಬಿಲ್ಡರ್‌ಗೆ ಸರ್ಕಾರದ ಗೃಹಸಾಲ ಸಂಸ್ಥೆ ಎಫ್‌ಎಚ್‌ಎ ಖಾತರಿ ಕೊಡಲಿಲ್ಲ. ಪಕ್ಕದಲ್ಲೇ ಕಪ್ಪು ಜನರ ಮನೆಗಳಿವೆ ಎಂಬುದೇ ಕಾರಣ. ಅವನು ಮಧ್ಯೆ ಗೋಡೆ ಎಬ್ಬಿಸಿದ. ಸಾಲದ ಖಾತರಿ ಸಿಕ್ಕಿತು. ಈಗ ಗೋಡೆಯ ಒಂದು ಭಾಗಕ್ಕೆ ಬಣ್ಣದ ಚಿತ್ರ ಬರೆದಿದ್ದಾರೆ, ಪಕ್ಕದಲ್ಲಿ ಮಕ್ಕಳು ಆಡುವ ಬಯಲು ಇದೆ.

ಇಲ್ಲಿ ಪ್ರಿವಿಲೆಜ್, ಅಂದರೆ ಹುಟ್ಟಿನಿಂದಲೇ ಸಿಗುವ ಅನುಕೂಲ, ಅನ್ನುವ ಮಾತು ಬಂದ ಕೂಡಲೇ ಜನ ಎರಡು ಗುಂಪಾಗುತ್ತಾರೆ. ಒಂದು ಗುಂಪು "ನಿನಗೆ ಪ್ರಿವಿಲೆಜ್ ಇದೆ, ಒಪ್ಪಿಕೋ" ಅನ್ನುತ್ತದೆ. ಇನ್ನೊಂದು "ನಾನು ದುಡಿದು ಸಂಪಾದಿಸಿದ್ದೇನೆ, ನನ್ನ ಮೇಲೆ ಯಾಕೆ ತಪ್ಪು ಹೊರಿಸ್ತೀಯ" ಅನ್ನುತ್ತದೆ. ಇಬ್ಬರೂ ಮಾತಾಡುವುದು ಮನಸ್ಸಿನ ಬಗ್ಗೆ. ಯಾರ ಎದೆಯಲ್ಲಿ ಏನಿದೆ, ಯಾರಿಗೆ ನಾಚಿಕೆ ಆಗಬೇಕು, ಯಾರಿಗೆ ಆಗಬಾರದು. ಆ ಗೋಡೆ ಕಟ್ಟಿದವನ ಮನಸ್ಸಿನಲ್ಲಿ ದ್ವೇಷ ಇತ್ತೋ ಇಲ್ಲವೋ ನನಗೆ ಬೇಕಿಲ್ಲ. ಅವನಿಗೆ ಸಾಲ ಬೇಕಿತ್ತು. ಸಾಲದ ನಿಯಮ ಹಾಗಿತ್ತು.

ಈ ಚರ್ಚೆ ಹುಟ್ಟಿದ್ದು ಹೀಗಲ್ಲ. ಕಪ್ಪು ಅಮೆರಿಕನ್ ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ 1935ರಲ್ಲೇ ಒಂದು ಮಾತು ಹೇಳಿದ್ದರು: ದಕ್ಷಿಣದ ಬಿಳಿ ಕೂಲಿಗಳಿಗೆ ಸಂಬಳ ಕಡಿಮೆ, ಆದರೆ ಅದರ ಜೊತೆಗೆ ಬಿಳಿಯರೆಂಬ ಮರ್ಯಾದೆಯೂ ಒಂದು ಬಗೆಯ ಕೂಲಿಯಾಗಿ ಸಿಗುತ್ತಿತ್ತು. 1960ರ ದಶಕದಲ್ಲಿ ಥಿಯೊಡೋರ್ ಆಲನ್‌ರಂಥ ಎಡಪಂಥೀಯರು ಈ ಮಾತನ್ನು ಕೈಗೆತ್ತಿಕೊಂಡರು. ಬಿಳಿ ಮತ್ತು ಕಪ್ಪು ಕಾರ್ಮಿಕರು ಯಾಕೆ ಒಂದಾಗುತ್ತಿಲ್ಲ ಎಂಬುದು ಅವರ ಚಿಂತೆ. 1988ರಲ್ಲಿ ವೆಲ್ಸ್‌ಲಿ ಕಾಲೇಜಿನ ಪೆಗ್ಗಿ ಮೆಕಿಂಟಾಶ್ ತಮಗೆ ದಿನನಿತ್ಯ ಸಿಗುವ ಅನುಕೂಲಗಳನ್ನು ಒಂದೊಂದಾಗಿ ಪಟ್ಟಿ ಮಾಡಿ ಬರೆದರು. ಪ್ರಾಮಾಣಿಕ ಬರಹ ಅದು. ಆದರೆ ಅಲ್ಲಿಂದ ಮುಂದೆ ಮಾತು ಕಾರ್ಖಾನೆ ಬಿಟ್ಟು ಕಾಲೇಜಿಗೆ ಬಂತು, ಆಮೇಲೆ ಕಂಪನಿಗಳ ತರಬೇತಿ ಕೋಣೆಗೆ ಹೋಯಿತು. ಅಲ್ಲಿ ಒಪ್ಪಿಕೊಳ್ಳುವುದೇ ಕೆಲಸವಾಯಿತು.

ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನ 2022ರ ಸಮೀಕ್ಷೆ ನೋಡಿ. ಆಸ್ತಿಯ ಸಾಲಿನಲ್ಲಿ ನಟ್ಟನಡುವೆ ನಿಲ್ಲುವ, ಅಂದರೆ ಮಧ್ಯದ ಬಿಳಿ ಕುಟುಂಬದ ಆಸ್ತಿ 2,85,000 ಡಾಲರ್. ಮಧ್ಯದ ಕಪ್ಪು ಕುಟುಂಬದ್ದು ಸುಮಾರು 44,900. ಈ ಅಂತರದ ದೊಡ್ಡ ಪಾಲಿಗೆ ಸರ್ಕಾರಿ ಕಾಗದಪತ್ರದ ದಾಖಲೆ ಇದೆ. ಎಫ್‌ಎಚ್‌ಎ ಶುರುವಾದದ್ದು 1934ರಲ್ಲಿ. ಅದರ ಕೈಪಿಡಿಯೇ ಬಡಾವಣೆಗಳಲ್ಲಿ ಬಿಳಿಯರಿಗೆ ಮಾತ್ರ ಎಂಬ ಷರತ್ತು ಇರಲಿ ಎಂದು ಸಲಹೆ ಕೊಡುತ್ತಿತ್ತು. 1944ರಲ್ಲಿ ಯುದ್ಧದಿಂದ ಮರಳುವ ಸೈನಿಕರಿಗೆ ಮನೆ, ಓದು, ಸಾಲ ಕೊಡಿಸಲು ಜಿಐ ಬಿಲ್ ಬಂತು. ಅದರಲ್ಲಿ ಬಣ್ಣದ ಮಾತೇ ಇರಲಿಲ್ಲ. ಆದರೆ ಕೊಡುವ ಕೆಲಸ ಸ್ಥಳೀಯ ಬ್ಯಾಂಕು, ಕಚೇರಿಗಳ ಕೈಯಲ್ಲಿತ್ತು. 1947ರಲ್ಲಿ ಮಿಸಿಸಿಪ್ಪಿಯ 13 ನಗರಗಳಲ್ಲಿ ಖಾತರಿ ಸಿಕ್ಕ 3,229 ಸಾಲಗಳಲ್ಲಿ ಕಪ್ಪು ಸೈನಿಕರಿಗೆ ಹೋದದ್ದು 2. ಆಗ ಕೊಂಡ ಮನೆ ಮಗನಿಗೆ ಬಂತು, ಮೊಮ್ಮಗಳ ಕಾಲೇಜು ಫೀಸಾಯಿತು. ಮನೆ ತಾರತಮ್ಯದ ವಿರುದ್ಧದ ಫೆಡರಲ್ ಕಾನೂನು ಬಂದದ್ದು 1968ರ ಏಪ್ರಿಲ್‌ನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದು ವಾರಕ್ಕೆ. ಅಷ್ಟರಲ್ಲಿ ಉಪನಗರಗಳು ಕಟ್ಟಿ ಮುಗಿದಿದ್ದವು.

ಈಗ ನಮ್ಮ ಮಾತು. ನಾವು ಕನ್ನಡಿಗರು ಇಲ್ಲಿ ಮನೆ ನೋಡುವಾಗ ಮೊದಲು ಕೇಳುವುದು ಏನು? "ಸ್ಕೂಲ್ ಡಿಸ್ಟ್ರಿಕ್ಟ್ ಹೇಗಿದೆ, ರೇಟಿಂಗ್ ಎಷ್ಟು?" ಯಾವ ಮನೆಯ ಮಗು ಯಾವ ಶಾಲೆಗೆ ಎಂದು ಹೇಳುವ ಆ ಗಡಿ ಯಾರು ಎಳೆದದ್ದು, ಯಾಕೆ ಎಳೆದದ್ದು ಅಂತ ನಾವು ಕೇಳುವುದಿಲ್ಲ. ಅದರ ಲಾಭ ಮಾತ್ರ ಪೂರ್ತಿ ತೆಗೆದುಕೊಳ್ಳುತ್ತೇವೆ. ಯಾರನ್ನೂ ನಾಚಿಸಲು ಇದನ್ನು ಬರೆಯುತ್ತಿಲ್ಲ. ಪ್ರಿವಿಲೆಜ್ ಇರುವ ಜಾಗ ಇದೇ ಅಂತ ನನಗೆ ಅನ್ನಿಸುತ್ತದೆ, ಹಾಗಾಗಿ ಮಾತು ಇಲ್ಲೇ ಆಗಲಿ. ನಿಮಗೆ ಏನನ್ನಿಸುತ್ತದೆ?

ಹೊಯ್ಸಳ, ನ್ಯೂಜೆರ್ಸಿ

ಒಳ್ಳೆಯ ಬರಹ. ಆದರೆ ನಾನು ಒಪ್ಪುವುದಿಲ್ಲ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ನಮ್ಮ ಅಪ್ಪ ಹಾಸನ ಜಿಲ್ಲೆಯ ಹಳ್ಳಿಯಲ್ಲಿ ಪ್ರೈಮರಿ ಶಾಲೆ ಮೇಷ್ಟ್ರು. ನಾನು ಎಚ್‌1ಬಿ ಕೆಲಸದ ವೀಸಾದಲ್ಲಿ ಬಂದವನು. ಗ್ರೀನ್ ಕಾರ್ಡ್‌ಗೆ ದೇಶಕ್ಕೆ ಶೇ 7ರ ಮಿತಿ ಇದೆ, ಹಾಗಾಗಿ ಭಾರತದವರ ಸಾಲು ಮುಗಿಯುವುದೇ ಇಲ್ಲ. ಕೆಲಸ ಹೋದರೆ 60 ದಿನದೊಳಗೆ ಬೇರೆ ದಾರಿ ಹುಡುಕಬೇಕು, ಇಲ್ಲದಿದ್ದರೆ ದೇಶ ಬಿಡಬೇಕು. ಮಿಸಿಸಿಪ್ಪಿಯಲ್ಲಿ 1947ರಲ್ಲಿ ಆದ ಅನ್ಯಾಯ ಅನ್ಯಾಯವೇ. ಅದರ ಬೆಲೆಯನ್ನು ಕಾಲೇಜು ಪ್ರವೇಶದಲ್ಲಿ ನನ್ನ ಮಗಳು ಯಾಕೆ ಕೊಡಬೇಕು?

ಪ್ರವೇಶದಲ್ಲಿ ಅರ್ಜಿದಾರರ ಬಣ್ಣವನ್ನೂ ನೋಡುವುದನ್ನು ಪ್ರಶ್ನಿಸಿದ ಹಾರ್ವರ್ಡ್ ಮೊಕದ್ದಮೆಯ ದಾಖಲೆ ನೋಡಿ. ಅಂಕ, ಪಠ್ಯೇತರ ಚಟುವಟಿಕೆ ಎಲ್ಲದರಲ್ಲೂ ಏಷ್ಯನ್ ಮಕ್ಕಳು ಮುಂದೆ. ಆದರೆ "ವ್ಯಕ್ತಿತ್ವ"ಕ್ಕೆ ಕೊಡುವ ಅಂಕದಲ್ಲಿ ಅವರಿಗೆ ಕಡಿಮೆ. ಮಗುವನ್ನು ನೋಡದೆಯೇ ಅದರ ಗುಣ ಅಳೆಯುವುದು ಅಂದ್ರೆ ಏನು? 2019ರಲ್ಲಿ ಕೆಳಗಿನ ಕೋರ್ಟು ಹಾರ್ವರ್ಡ್ ಪರ ತೀರ್ಪು ಕೊಟ್ಟಿತು. 2023ರ ಜೂನ್ 29ರಂದು ಸುಪ್ರೀಂ ಕೋರ್ಟು ಅದನ್ನು ತಿರುಗಿಸಿತು. ಒಂದು ತಾರತಮ್ಯ ಸರಿಪಡಿಸಲು ಇನ್ನೊಂದು ತಾರತಮ್ಯ ಮಾಡಬಾರದು ಎಂಬುದು ನನ್ನ ನಂಬಿಕೆ. ಆ ತೀರ್ಪು ಅದನ್ನೇ ಹೇಳಿತು.

ಇದು ಬರೀ ರಿಪಬ್ಲಿಕನ್ ಮಾತು ಅಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾ 1996ರಲ್ಲೇ ಪ್ರೊಪೊಸಿಷನ್ 209 ಎಂಬ, ಜನರೇ ಮತ ಹಾಕಿ ತೀರ್ಮಾನಿಸುವ ಪ್ರಸ್ತಾವದ ಮೂಲಕ ಸರ್ಕಾರಿ ಕಾಲೇಜು, ಕೆಲಸಗಳಲ್ಲಿ ಬಣ್ಣ ನೋಡುವುದನ್ನು ನಿಲ್ಲಿಸಿತು. 2020ರಲ್ಲಿ ಬಣ್ಣ ನೋಡುವುದನ್ನು ವಾಪಸ್ ತರಲು ಪ್ರೊಪೊಸಿಷನ್ 16 ಬಂತು. ಬೈಡನ್‌ಗೆ ಭರ್ಜರಿ ಮತ ಹಾಕಿದ ಅದೇ ರಾಜ್ಯ, ಅದೇ ದಿನ ಅದನ್ನು ಸೋಲಿಸಿತು.

ಇನ್ನೊಂದು. ನೀವು ಹೇಳಿದ ಅದೇ 2022ರ ಸಮೀಕ್ಷೆಯಲ್ಲಿ ಮಧ್ಯದ ಏಷ್ಯನ್ ಕುಟುಂಬದ ಆಸ್ತಿ 5,36,000 ಡಾಲರ್. ಬಿಳಿಯರಿಗಿಂತ ಜಾಸ್ತಿ. ಬಿಳಿ ಪ್ರಿವಿಲೆಜ್ ಎಲ್ಲವನ್ನೂ ವಿವರಿಸುವುದಾದರೆ ಈ ಅಂಕಿಯನ್ನು ಹೇಗೆ ವಿವರಿಸ್ತೀರಿ? ಅರ್ಥಶಾಸ್ತ್ರಜ್ಞ ಥಾಮಸ್ ಸೋವೆಲ್ ಎಷ್ಟೋ ವರ್ಷದಿಂದ ಕೇಳುತ್ತಿರುವ ಪ್ರಶ್ನೆ ಇದು. ಅವರೂ ಕಪ್ಪು ಅಮೆರಿಕನ್ನರೇ.

ತುಂಗಾತೀರ, ಮಿಚಿಗನ್

ಹೊಯ್ಸಳ ಅವರೇ, ಕೊನೆಯ ಪ್ರಶ್ನೆಗೆ ಮಾತ್ರ ಈಗ ಉತ್ತರ.

ನಮ್ಮನ್ನು ಆರಿಸಿ ಕರೆತಂದಿದ್ದಾರೆ. 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಜಾನ್ಸನ್ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಹೊಸ ವಲಸೆ ಕಾನೂನಿಗೆ ಸಹಿ ಹಾಕಿದರು. ಅದಕ್ಕೂ ಮೊದಲು ಭಾರತಕ್ಕೆ ವರ್ಷಕ್ಕೆ 100 ಜನರ ಕೋಟಾ ಇತ್ತು, ಅದೂ 1946ರಿಂದ. ಹೊಸ ಕಾನೂನು ಡಾಕ್ಟರು, ಎಂಜಿನಿಯರುಗಳಿಗೆ ಬಾಗಿಲು ತೆರೆಯಿತು. 1990ರ ಕಾನೂನಿನಿಂದ ಎಚ್‌1ಬಿ ಬಂತು. ಡಿಗ್ರಿ ಇದ್ದವರನ್ನೇ ಸೋಸಿ ತಂದ ಗುಂಪನ್ನು, ಸರಪಳಿಯಲ್ಲಿ ತಂದ ಜನರ ಮೊಮ್ಮಕ್ಕಳ ಜೊತೆ ಹೋಲಿಸಿ "ನೋಡಿ, ನಾವು ಗೆದ್ದೆವು" ಅನ್ನುವುದು ಸರಿಯಾದ ಲೆಕ್ಕವಲ್ಲ. ಭಾರತದಲ್ಲಿ ಎಷ್ಟು ಮಂದಿಗೆ ಡಿಗ್ರಿ ಇದೆ? ಇಲ್ಲಿರುವ ಭಾರತೀಯರಲ್ಲಿ ನಾಲ್ಕರಲ್ಲಿ ಮೂವರಿಗೆ ಇದೆ.

ಆ ಕಾನೂನು ಯಾಕೆ ಬಂತು ಎಂಬುದನ್ನೂ ನೆನಪಿಡಬೇಕು. 1964ರಲ್ಲಿ ನಾಗರಿಕ ಹಕ್ಕುಗಳ ಕಾನೂನು, 1965ರ ಆಗಸ್ಟ್‌ನಲ್ಲಿ ಮತದಾನದ ಹಕ್ಕಿನ ಕಾನೂನು. ಎರಡು ತಿಂಗಳಲ್ಲಿ ವಲಸೆ ಕಾನೂನು. ಅಲಬಾಮಾದ ಸೆಲ್ಮಾದಲ್ಲಿ ಮತದ ಹಕ್ಕಿಗಾಗಿ ಮೆರವಣಿಗೆ ಹೊರಟು ಏಟು ತಿಂದವರು ಆ ಗಾಳಿಯನ್ನು ತಂದಿರದಿದ್ದರೆ ಜನಾಂಗ ನೋಡಿ ಕೋಟಾ ಕೊಡುವ ಹಳೆಯ ಪದ್ಧತಿ ಅಷ್ಟು ಬೇಗ ಬೀಳುತ್ತಿರಲಿಲ್ಲ.

ಗುಡ್ಡದ ಡಾಕ್ಟರ್, ವೆಸ್ಟ್ ವರ್ಜೀನಿಯಾ

ನಾನು ಜೆ1 ವೀಸಾ ವಿನಾಯಿತಿಯಲ್ಲಿ ಈ ಕಡೆ ಬಂದವನು. ಅಮೆರಿಕನ್ ಡಾಕ್ಟರುಗಳು ಬರಲು ಒಪ್ಪದ ಊರುಗಳಿಗೆ ನಮ್ಮಂಥವರು ಬರುತ್ತೇವೆ. ಅಪಲಾಚಿಯದ ಯಾವ ಸಣ್ಣ ಆಸ್ಪತ್ರೆಗೆ ಹೋದರೂ ಒಬ್ಬ ರಾವ್, ಒಬ್ಬ ರೆಡ್ಡಿ, ಒಬ್ಬ ಖಾನ್ ಸಿಗುತ್ತಾರೆ.

ನಮ್ಮ ರಾಜ್ಯದ ಮೆಕ್‌ಡೊವೆಲ್ ಕೌಂಟಿಯ ಕಥೆ ಹೇಳುತ್ತೇನೆ. 1950ರಲ್ಲಿ ಅಲ್ಲಿ ಹತ್ತಿರ ಹತ್ತಿರ 1 ಲಕ್ಷ ಜನ ಇದ್ದರು. 2020ರ ಜನಗಣತಿಯಲ್ಲಿ 20 ಸಾವಿರವೂ ಇಲ್ಲ. ಅಮೆರಿಕದ ಉಕ್ಕಿಗೆ ಕಲ್ಲಿದ್ದಲು ಕೊಟ್ಟ ನೆಲ ಅದು. ಗಣಿಗೆ ಯಂತ್ರ ಬಂತು, ಜನ ಬೇಡವಾದರು. 1961ರಲ್ಲಿ ಕೆನಡಿ ಸರ್ಕಾರ ಫುಡ್ ಸ್ಟಾಂಪ್ ಯೋಜನೆಯನ್ನು ಪ್ರಯೋಗಕ್ಕೆ ತಂದಾಗ ದೇಶದಲ್ಲಿ ಮೊದಲ ಸ್ಟಾಂಪ್ ಸಿಕ್ಕಿದ್ದು ಅಲ್ಲಿನ ಒಂದು ಕುಟುಂಬಕ್ಕೆ. 1996ರಲ್ಲಿ ಪರ್ಡ್ಯೂ ಕಂಪನಿಯ ಆಕ್ಸಿಕಾಂಟಿನ್ ಎಂಬ ನೋವಿನ ಗುಳಿಗೆ ಮಾರುಕಟ್ಟೆಗೆ ಬಂತು. ಚಟ ಹಿಡಿಯುವ ಅಪಾಯ ಕಡಿಮೆ ಅಂತ ಹೇಳಿ ಮಾರಿದರು. ಬೆನ್ನು ಮುರಿದುಕೊಂಡ ಗಣಿ ಕಾರ್ಮಿಕರಿಗೆ ಗುಳಿಗೆ ಸುರಿದರು. ಸುಳ್ಳು ಹೇಳಿ ಮಾರಿದ್ದಕ್ಕೆ ಪರ್ಡ್ಯೂ ಕಂಪನಿ 2007ರಲ್ಲಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿತು. ಅಷ್ಟು ಹೊತ್ತಿಗೆ ಊರೂರೇ ಹೋಗಿತ್ತು.

2015ರಲ್ಲಿ ಅರ್ಥಶಾಸ್ತ್ರಜ್ಞರಾದ ಆನ್ ಕೇಸ್ ಮತ್ತು ಆಂಗಸ್ ಡೀಟನ್ ಒಂದು ಲೆಕ್ಕ ತೋರಿಸಿದರು. ಶ್ರೀಮಂತ ದೇಶಗಳಲ್ಲೆಲ್ಲ ನಡುವಯಸ್ಸಿನವರ ಸಾವಿನ ಪ್ರಮಾಣ ಇಳಿಯುತ್ತಿದ್ದಾಗ ಅಮೆರಿಕದ ಬಿಳಿಯರಲ್ಲಿ ಅದು ಏರಿತ್ತು. ಮಾದಕ ವಸ್ತು, ಕುಡಿತ, ಆತ್ಮಹತ್ಯೆ. ಜಾಸ್ತಿ ಸತ್ತವರು ಕಾಲೇಜು ಮೆಟ್ಟಿಲು ಹತ್ತದವರು.

ಇಂಥವರಿಗೆ ಟಿವಿಯಲ್ಲಿ ಯಾರೋ "ನಿಮಗೆ ಪ್ರಿವಿಲೆಜ್ ಇದೆ" ಅಂತ ಹೇಳುತ್ತಾರೆ. ಶ್ವಾಸಕೋಶದಲ್ಲಿ ಕಲ್ಲಿದ್ದಲ ಧೂಳು ತುಂಬಿಕೊಂಡು, ಆಮ್ಲಜನಕದ ಸಿಲಿಂಡರ್ ಎಳೆದುಕೊಂಡು ಬರುವ ಮನುಷ್ಯನಿಗೆ ಆ ಮಾತು ಹೇಗೆ ಕೇಳಿಸುತ್ತದೆ? ಅವನು ಓದಿಲ್ಲ, ಅದಕ್ಕೆ ಅರ್ಥವಾಗಿಲ್ಲ ಅಂತ ದೊಡ್ಡ ಊರಿನವರು ಹೇಳಿದಾಗ ನನಗೆ ಸಿಟ್ಟು ಬರುತ್ತದೆ. ಅವನಿಗೆ ಅರ್ಥವಾಗಿದೆ. ತನ್ನ ನೋವನ್ನು ಇವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬುದು ಚೆನ್ನಾಗಿಯೇ ಅರ್ಥವಾಗಿದೆ.

ಈ ಗುಡ್ಡಗಳಿಗೆ ಇನ್ನೊಂದು ನೆನಪೂ ಇದೆ. ಗಣಿಗಳಿಗೆ ಅಲಬಾಮಾದಿಂದ ಕಪ್ಪು ಜನ ಬಂದರು, ಇಟಲಿ, ಹಂಗೇರಿಯಿಂದ ವಲಸಿಗರು ಬಂದರು. 1921ರಲ್ಲಿ ಬ್ಲೇರ್ ಮೌಂಟನ್‌ನಲ್ಲಿ ಸುಮಾರು 10 ಸಾವಿರ ಗಣಿ ಕಾರ್ಮಿಕರು ಯೂನಿಯನ್‌ಗಾಗಿ ಬಂದೂಕು ಹಿಡಿದು ನಿಂತರು. ಬಿಳಿಯರು, ಕಪ್ಪು ಜನ, ವಲಸಿಗರು ಒಟ್ಟಿಗೇ ಇದ್ದರು. ಹಾಗಾಗಿ ತುಂಗಾತೀರ ಅವರು ಆಲನ್ ಹೆಸರು ತೆಗೆದಾಗ ನನಗೆ ಖುಷಿಯಾಯಿತು. ಆ ಪ್ರಶ್ನೆ ಇಲ್ಲಿ ಇನ್ನೂ ಜೀವಂತ ಇದೆ.

ನೀಲಿಬಾನು, ಬೇ ಏರಿಯಾ

ಇಷ್ಟು ಹೊತ್ತು ಓದುತ್ತಿದ್ದೆ. ಬಿಳಿ, ಕಪ್ಪು ಎಲ್ಲ ಬಂತು. ನಮ್ಮ ಜೊತೆ ವಿಮಾನ ಹತ್ತಿ ಬಂದ ಜಾತಿಯ ಮಾತು ಬರಲಿಲ್ಲ.

1923ರ ಥಿಂಡ್ ಮೊಕದ್ದಮೆ ಇಲ್ಲಿ ಎಷ್ಟು ಜನಕ್ಕೆ ಗೊತ್ತು? ಭಗತ್ ಸಿಂಗ್ ಥಿಂಡ್ ಪಂಜಾಬಿನವರು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಆಗ ಪೌರತ್ವಕ್ಕೆ "ಬಿಳಿ ವ್ಯಕ್ತಿ" ಆಗಿರಬೇಕಿತ್ತು, ಇಲ್ಲವೇ ಆಫ್ರಿಕನ್ ಮೂಲದವರಾಗಿರಬೇಕಿತ್ತು. ಥಿಂಡ್ ಪರ ವಕೀಲರು ಏನೆಂದು ವಾದಿಸಿದರು ಗೊತ್ತಾ? ಈ ನಿಯಮವೇ ತಪ್ಪು ಅಂತ ಹೇಳಲಿಲ್ಲ. ಇವರು ಮೇಲ್ಜಾತಿಯ ಆರ್ಯರು, ಹಾಗಾಗಿ ಬಿಳಿಯರು ಅಂದರು. ಅಮೆರಿಕದ ಬಿಳಿಯರು ಮದುವೆ ವಿಷಯದಲ್ಲಿ ಕಪ್ಪು ಜನರನ್ನು ಹೇಗೆ ನೋಡುತ್ತಾರೋ, ಮೇಲ್ಜಾತಿಯ ಭಾರತೀಯರು ಅಲ್ಲಿನ ಮೂಲನಿವಾಸಿಗಳನ್ನು ಹಾಗೇ ನೋಡುತ್ತಾರೆ ಅಂತ ಬರೆದು ಕೊಟ್ಟರು. ಜಾತಿಯನ್ನೇ ಸಾಕ್ಷಿಯಾಗಿ ಮುಂದಿಟ್ಟರು. ಕೋರ್ಟು ಒಪ್ಪಲಿಲ್ಲ. ಸಾಮಾನ್ಯ ಮನುಷ್ಯ ಯಾರನ್ನು ಬಿಳಿಯ ಅನ್ನುತ್ತಾನೋ ಅವನೇ ಬಿಳಿಯ ಅಂದಿತು. ಆಮೇಲೆ ಪೌರತ್ವ ಸಿಕ್ಕಿದ್ದ ಎಷ್ಟೋ ಭಾರತೀಯರು ಅದನ್ನು ಕಳೆದುಕೊಂಡರು.

ಇನ್ನೊಂದು ದಾರಿಯೂ ಇತ್ತು. ಕೊಲಂಬಿಯಾದಲ್ಲಿ ಓದಿದ ಅಂಬೇಡ್ಕರ್ 1946ರಲ್ಲಿ ಡುಬಾಯ್ಸ್ ಅವರಿಗೆ ಪತ್ರ ಬರೆದರು. ಕಪ್ಪು ಜನರ ಅರ್ಜಿ ವಿಶ್ವಸಂಸ್ಥೆಗೆ ಹೋಗುತ್ತಿದೆ ಎಂದು ಓದಿದ್ದರು, ಅದರ ಪ್ರತಿ ಕೇಳಿದರು. ಡುಬಾಯ್ಸ್ ಪ್ರೀತಿಯಿಂದ ಉತ್ತರ ಬರೆದರು. ನನಗೆ ಆ ಎರಡು ಪತ್ರಗಳು ಬೇಕು, ಥಿಂಡ್ ವಕೀಲರ ವಾದ ಬೇಡ.

ಈಗಿನ ಮಾತು. 2020ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರದ ಇಲಾಖೆ ಸಿಸ್ಕೋ ಕಂಪನಿಯಲ್ಲಿ ಜಾತಿ ತಾರತಮ್ಯ ಆಗಿದೆ ಎಂದು ಮೊಕದ್ದಮೆ ಹೂಡಿತು. ಕಂಪನಿ ಆರೋಪ ನಿರಾಕರಿಸಿತು. ಇಬ್ಬರು ಮ್ಯಾನೇಜರುಗಳ ಮೇಲಿನ ಆರೋಪವನ್ನು ಇಲಾಖೆಯೇ 2023ರಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ತೀರ್ಪು ಏನೇ ಇರಲಿ, ಆ ಮೊಕದ್ದಮೆಯಿಂದ ನಮ್ಮಂಥವರಿಗೆ ಮೊದಲ ಸಲ ಬಾಯಿ ಬಂತು. ನನ್ನ ಕೆಲಸದ ಜಾಗದಲ್ಲೂ ಊಟದ ಹೊತ್ತಿಗೆ ಊರು, ಅಡ್ಡಹೆಸರು, ಮನೆಯಲ್ಲಿ ಏನು ಅಡುಗೆ ಎಂದು ಸುತ್ತಿ ಬಳಸಿ ಕೇಳುತ್ತಿದ್ದರು. ಬರೀ ಕುತೂಹಲ ಅಂದುಕೊಳ್ಳಬಹುದಿತ್ತು. ಉತ್ತರ ಸಿಕ್ಕ ಮೇಲೆ ಊಟಕ್ಕೆ ಕರೆಯುವುದು ನಿಂತಿತು.

ಸಿಯಾಟಲ್ ನಗರಸಭೆ 2023ರ ಫೆಬ್ರುವರಿಯಲ್ಲಿ ಜಾತಿ ತಾರತಮ್ಯ ನಿಷೇಧಿಸಿತು. ಕ್ಯಾಲಿಫೋರ್ನಿಯಾದಲ್ಲಿ ಇಂಥದ್ದೇ ಮಸೂದೆ ಎಸ್‌ಬಿ 403 ಶಾಸನಸಭೆಯಲ್ಲಿ ಗೆದ್ದಿತು, ಅಕ್ಟೋಬರ್‌ನಲ್ಲಿ ಗವರ್ನರ್ ನ್ಯೂಸಮ್ ವೀಟೊ ಹಾಕಿದರು.

ಹೊಯ್ಸಳ ಅವರೇ, ನಿಮ್ಮ ಕಷ್ಟವನ್ನು ನಾನು ಕಡಿಮೆ ಮಾಡುವುದಿಲ್ಲ. ನಮ್ಮ ಅಜ್ಜನಿಗೆ ಊರ ಬಾವಿಯ ನೀರು ಇರಲಿಲ್ಲ. ನಿಮ್ಮ ಅಪ್ಪ ಮೇಷ್ಟ್ರಾಗಿದ್ದ ಶಾಲೆಯಲ್ಲಿ ನಮ್ಮಂಥ ಮಕ್ಕಳು ಎಲ್ಲಿ ಕೂರುತ್ತಿದ್ದರು ಎಂದು ಒಮ್ಮೆ ಅವರನ್ನು ಕೇಳಿ.

ಹೊಯ್ಸಳ, ನ್ಯೂಜೆರ್ಸಿ

ನೀಲಿಬಾನು ಅವರೇ, ಕೇಳುತ್ತೇನೆ. ಊಟಕ್ಕೆ ಕರೆಯುವುದು ನಿಂತಿತು ಅಂದಿರಿ. ಅದಕ್ಕೆ ನನ್ನ ಬಳಿ ಯಾವ ವಾದವೂ ಇಲ್ಲ.

ಎಸ್‌ಬಿ 403 ಬಗ್ಗೆ ಮಾತ್ರ ನನ್ನ ನಿಲುವು ಬೇರೆ. ವಂಶ, ಮೂಲ ನೋಡಿ ತಾರತಮ್ಯ ಮಾಡುವುದು ಅಲ್ಲಿ ಈಗಾಗಲೇ ನಿಷಿದ್ಧ, ಜಾತಿಯೂ ಅದರೊಳಗೇ ಬರುತ್ತದೆ ಅಂತ ನ್ಯೂಸಮ್ ಕಾರಣ ಕೊಟ್ಟರು. ಪ್ರತ್ಯೇಕ ಕಾನೂನು ಬಂದರೆ ಭಾರತೀಯ ಹೆಸರಿನ ಪ್ರತಿಯೊಬ್ಬರನ್ನೂ ಅನುಮಾನದಿಂದ ನೋಡುತ್ತಾರೆ ಎಂಬ ಭಯ ನನ್ನಂಥ ಬಹಳ ಜನರಿಗೆ ಇದೆ.

ನೀಲಿಬಾನು, ಬೇ ಏರಿಯಾ

ಆ ಭಯ ಅರ್ಥವಾಗುತ್ತದೆ. ಆದರೆ ಸ್ವಲ್ಪ ಯೋಚಿಸಿ. ನಿಮ್ಮನ್ನು ಒಬ್ಬ ವ್ಯಕ್ತಿಯಾಗಿ ನೋಡದೆ ಗುಂಪಾಗಿ ನೋಡುತ್ತಾರೆ ಎಂಬ ಭಯವೇ ಅಲ್ವಾ ಅದು? ಬಿಳಿಯರೂ ಈ ದೇಶದಲ್ಲಿ ಅದನ್ನೇ ಹೇಳುತ್ತಾರೆ. ಕಪ್ಪು ಜನ ಮಾತ್ರ ಅದನ್ನು ಮೊದಲಿನಿಂದಲೂ ಬದುಕುತ್ತಾ ಬಂದಿದ್ದಾರೆ. ನಾವು ಕೂಡ.

ಅಂಕಿಅಂಶ, ಚಿಕಾಗೊ

ತುಂಗಾತೀರ ಅವರು ಎಲ್ಲವನ್ನೂ ಮನೆ, ಆಸ್ತಿಗೆ ತಂದು ನಿಲ್ಲಿಸಿದ್ದಾರೆ. ಸಂಶೋಧನೆ ಅಷ್ಟು ಸರಳವಾಗಿಲ್ಲ.

ಸಮಾಜಶಾಸ್ತ್ರಜ್ಞೆ ಡೇವಾ ಪೇಜರ್ 2003ರಲ್ಲಿ ಪ್ರಕಟಿಸಿದ ಮಿಲ್ವಾಕಿಯ ಪ್ರಯೋಗ ತಗೊಳ್ಳಿ. ಒಂದೇ ಥರದ ಅರ್ಹತೆ ಹೇಳಿಕೊಂಡ ಯುವಕರನ್ನು ಕೆಲಸ ಕೇಳಲು ಕಳಿಸಿದರು. ಕೆಲವರು ತಮಗೆ ಜೈಲಿನ ದಾಖಲೆ ಇದೆ ಎಂದು ಹೇಳಬೇಕಿತ್ತು. ದಾಖಲೆ ಇಲ್ಲದ ಬಿಳಿಯರಲ್ಲಿ ಶೇ 34ರಷ್ಟು ಮಂದಿಗೆ ವಾಪಸ್ ಕರೆ ಬಂತು, ದಾಖಲೆ ಇದ್ದ ಬಿಳಿಯರಲ್ಲಿ ಶೇ 17. ಯಾವ ದಾಖಲೆಯೂ ಇಲ್ಲದ ಕಪ್ಪು ಯುವಕರಿಗೆ ಶೇ 14. ಅಂದರೆ ಜೈಲಿಗೆ ಹೋಗಿ ಬಂದೆ ಅನ್ನುವ ಬಿಳಿಯನಿಗಿಂತ ಏನೂ ತಪ್ಪು ಮಾಡದ ಕಪ್ಪು ಹುಡುಗನಿಗೆ ಅವಕಾಶ ಕಡಿಮೆ. ಇಲ್ಲಿ ಮನೆಯೂ ಇಲ್ಲ, ಅಜ್ಜನ ಆಸ್ತಿಯೂ ಇಲ್ಲ. ಬಾಗಿಲು ತೆರೆದವರ ಕಣ್ಣು ಮಾತ್ರ. 2004ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಚಿಕಾಗೊ, ಬಾಸ್ಟನ್‌ನಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಸಾವಿರಾರು ಬಯೋಡೇಟಾ ಕಳಿಸಿ ನೋಡಿದರು. ಹೆಸರು ಬಿಟ್ಟು ಉಳಿದದ್ದು ಒಂದೇ ಥರ. ಬಿಳಿಯರದೆಂದು ಅನ್ನಿಸುವ ಹೆಸರುಗಳಿಗೆ ಒಂದೂವರೆ ಪಟ್ಟು ಕರೆ ಬಂತು. ಹಾಗಾಗಿ ಮನಸ್ಸಿನ ಮಾತನ್ನು ಪೂರ್ತಿ ಬಿಡಲು ಆಗುವುದಿಲ್ಲ.

ಆದರೆ ಡಾಕ್ಟರು ಹೇಳಿದ್ದಕ್ಕೂ ಪುರಾವೆ ಇದೆ. ಎರಿನ್ ಕೂಲಿ ಮತ್ತು ಜೊತೆಗಾರರು 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಿಳಿ ಪ್ರಿವಿಲೆಜ್ ಬಗ್ಗೆ ಓದಿಸಿದ ಮೇಲೆ ಉದಾರವಾದಿಗಳಿಗೆ ಬಡ ಕಪ್ಪು ಮನುಷ್ಯನ ಮೇಲಿನ ಸಹಾನುಭೂತಿ ಹೆಚ್ಚಲಿಲ್ಲ. ಬಡ ಬಿಳಿಯನ ಮೇಲಿನ ಸಹಾನುಭೂತಿ ಕಡಿಮೆಯಾಯಿತು. ಪಾಠ ಹೇಳುವವರು ಇದನ್ನು ಗಂಭೀರವಾಗಿ ನೋಡಬೇಕು.

ಓದುಗ, ಮೈಸೂರು

ಅಮೆರಿಕಕ್ಕೆ ಬಂದವನಲ್ಲ. ಆದರೂ ಒಂದು ಪ್ರಶ್ನೆ. ನಮ್ಮ ಮೈಸೂರು ಸಂಸ್ಥಾನದಲ್ಲಿ 1918ರಲ್ಲೇ ಮಿಲ್ಲರ್ ಸಮಿತಿ ಮಾಡಿ ಸರ್ಕಾರಿ ಕೆಲಸದಲ್ಲಿ ಯಾರು ಎಷ್ಟಿದ್ದಾರೆ ನೋಡಿದರು. ದೇವರಾಜ ಅರಸರ ಕಾಲದಲ್ಲಿ ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತು. 1992ರಲ್ಲಿ ಸುಪ್ರೀಂ ಕೋರ್ಟು ಹಿಂದುಳಿದ ವರ್ಗಗಳಲ್ಲಿ ಕೆನೆಪದರದವರನ್ನು ಬಿಡಿ ಅಂದಿತು. ಅಂದರೆ ಜಾತಿಯನ್ನೂ ನೋಡು, ಆದಾಯವನ್ನೂ ನೋಡು. ಇಲ್ಲೂ ಜಗಳ ಇದೆ, ಆದರೆ ಲೆಕ್ಕ ಎಲ್ಲರ ಕಣ್ಣ ಮುಂದೆ ಇದೆ. ಅಮೆರಿಕದಲ್ಲಿ ಹೀಗೆ ಯಾಕೆ ಮಾಡಲಿಲ್ಲ?

ತುಂಗಾತೀರ, ಮಿಚಿಗನ್

ಕೋಟಾವನ್ನು ಇಲ್ಲಿ ಸುಪ್ರೀಂ ಕೋರ್ಟು 1978ರಲ್ಲೇ ಮುಚ್ಚಿತು, ಬ್ಯಾಕಿ ಮೊಕದ್ದಮೆಯಲ್ಲಿ. ಕ್ಯಾಲಿಫೋರ್ನಿಯಾದ ಒಂದು ವೈದ್ಯಕೀಯ ಕಾಲೇಜು 100 ಸೀಟಿನಲ್ಲಿ 16 ಎತ್ತಿಟ್ಟಿತ್ತು. ಅದು ಆಗದು, ಆದರೆ ತರಗತಿಯಲ್ಲಿ ವೈವಿಧ್ಯ ಬೇಕೆಂದು ಬಣ್ಣವನ್ನು ಒಂದು ಅಂಶವಾಗಿ ನೋಡಬಹುದು ಅಂದರು. ಅಲ್ಲಿಂದ ಹಳೆಯ ಅನ್ಯಾಯ ಸರಿಪಡಿಸುವ ಮಾತು ಹೋಯಿತು, ವೈವಿಧ್ಯದ ಮಾತು ಬಂತು. ಲೆಕ್ಕ ಮುಚ್ಚಿದ ಕೋಣೆಯೊಳಗೆ ಸೇರಿತು. ಹೊಯ್ಸಳ ಅವರು ಹೇಳಿದ ವ್ಯಕ್ತಿತ್ವದ ಅಂಕ ಹುಟ್ಟುವುದು ಇಂಥ ಮುಚ್ಚಿದ ಕೋಣೆಯಲ್ಲೇ.

ಟೀಚರಮ್ಮ, ಸ್ಯಾನ್ ಆಂಟೋನಿಯೊ

ನಾನು ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಸ್ಕೂಲ್ ಡಿಸ್ಟ್ರಿಕ್ಟ್ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮ ಊರಿನ ಹೆಸರಿನಲ್ಲೇ ಒಂದು ದೊಡ್ಡ ಮೊಕದ್ದಮೆ ಇದೆ. ಹಾರ್ವರ್ಡ್ ತೀರ್ಪಿಗಿಂತ ಎಷ್ಟೋ ಜಾಸ್ತಿ ಮಕ್ಕಳನ್ನು ಅದು ಮುಟ್ಟಿದೆ. ಆದರೆ ಅದರ ಬಗ್ಗೆ ಮಾತಾಡುವವರು ಕಡಿಮೆ.

1968ರ ಮೇ ತಿಂಗಳಲ್ಲಿ ನಮ್ಮ ಊರಿನ ಬಡವರ ಡಿಸ್ಟ್ರಿಕ್ಟ್ ಎಜ್‌ವುಡ್‌ನ ಹೈಸ್ಕೂಲಿನ ಮಕ್ಕಳು ತರಗತಿ ಬಿಟ್ಟು ಹೊರಬಂದರು. ಮುರಿದ ಕಿಟಕಿ, ಸೋರುವ ಮಾಡು, ಅರ್ಹತೆ ಪೂರ್ತಿಯಿಲ್ಲದ ಶಿಕ್ಷಕರು. ಹೆಚ್ಚಿನ ಮಕ್ಕಳು ಮೆಕ್ಸಿಕನ್ ಮೂಲದವರು. ಅಪ್ಪ ಅಮ್ಮಂದಿರು ಸೇರಿ ಕೋರ್ಟಿಗೆ ಹೋದರು. ಮೊದಲ ಹೆಸರು ಡೆಮೆಟ್ರಿಯೊ ರೊಡ್ರಿಗಸ್ ಅವರದು. ಸೇನೆಯಲ್ಲಿದ್ದು ಬಂದವರು, ಕೆಲಿ ವಾಯುನೆಲೆಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದರು.

ಕೋರ್ಟಿನ ದಾಖಲೆಯಲ್ಲಿರುವ ಅಂಕಿ ಕೇಳಿ. ಎಜ್‌ವುಡ್‌ನವರು ಆಸ್ತಿಯ ಪ್ರತಿ 100 ಡಾಲರ್ ಮೌಲ್ಯಕ್ಕೆ 1.05 ಡಾಲರ್ ಶಾಲೆಯ ತೆರಿಗೆ ಕಟ್ಟುತ್ತಿದ್ದರು. ಅದೇ ಊರಿನ ಶ್ರೀಮಂತರ ಅಲಮೊ ಹೈಟ್ಸ್‌ನಲ್ಲಿ 85 ಸೆಂಟ್. ಎಜ್‌ವುಡ್‌ನವರೇ ಜಾಸ್ತಿ ದರದಲ್ಲಿ ಕಟ್ಟುತ್ತಿದ್ದರು. ಆದರೆ ಆ ಸ್ಥಳೀಯ ತೆರಿಗೆಯಿಂದ ಎಜ್‌ವುಡ್‌ನ ಒಂದು ಮಗುವಿಗೆ ಸಿಕ್ಕಿದ್ದು 26 ಡಾಲರ್, ಅಲಮೊ ಹೈಟ್ಸ್‌ನ ಮಗುವಿಗೆ 333. ಮನೆಗಳ ಬೆಲೆ ಹಾಗಿತ್ತು. ರಾಜ್ಯದ ಹಣ, ಫೆಡರಲ್ ಹಣ ಎಲ್ಲ ಸೇರಿದ ಮೇಲೂ 356 ಮತ್ತು 594.

ಬಡವರು ಮಕ್ಕಳ ಓದಿಗೆ ಖರ್ಚು ಮಾಡುವುದಿಲ್ಲ, ಅವರಿಗೆ ಕಾಳಜಿ ಇಲ್ಲ ಎಂದು ನಮ್ಮವರೂ ಕೂಟಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ಆಗೆಲ್ಲ ನಾನು 1.05 ಮತ್ತು 85 ಸೆಂಟ್‌ನ ಲೆಕ್ಕ ಹೇಳುತ್ತೇನೆ.

ಸುಪ್ರೀಂ ಕೋರ್ಟು 1973ರ ಮಾರ್ಚ್‌ನಲ್ಲಿ 5-4ರಿಂದ ಅಪ್ಪ ಅಮ್ಮಂದಿರ ವಿರುದ್ಧ ತೀರ್ಪು ಕೊಟ್ಟಿತು. ಶಿಕ್ಷಣ ಅಮೆರಿಕದ ಸಂವಿಧಾನದಲ್ಲಿ ಮೂಲಭೂತ ಹಕ್ಕಲ್ಲ, ಬಡವರ ಡಿಸ್ಟ್ರಿಕ್ಟ್‌ಗೆ ವಿಶೇಷ ರಕ್ಷಣೆಯೂ ಇಲ್ಲ ಅಂದರು. ಥರ್ಗುಡ್ ಮಾರ್ಷಲ್ ಬಲವಾಗಿ ಭಿನ್ನಮತ ಬರೆದರು. ಮರುವರ್ಷ ಡೆಟ್ರಾಯಿಟ್‌ನ ಮಿಲಿಕೆನ್ ಮೊಕದ್ದಮೆಯಲ್ಲಿ ಮತ್ತೆ 5-4. ಉಪನಗರದ ಶಾಲೆಗಳು ನಗರದ ಮಕ್ಕಳ ಜೊತೆ ಸೇರಬೇಕಿಲ್ಲ ಅಂದರು. ತುಂಗಾತೀರ ಅವರೇ, ನಿಮ್ಮ ಗೋಡೆ ಕಾಂಕ್ರೀಟಿನದು. ಈ ಎರಡು ತೀರ್ಪು ಸೇರಿ ಡಿಸ್ಟ್ರಿಕ್ಟ್ ಗಡಿಗೆ ದೇಶದ ತುಂಬ ಅದೇ ಬಲ ಕೊಟ್ಟವು.

ಹೊಯ್ಸಳ, ನ್ಯೂಜೆರ್ಸಿ

ಈ 1.05ರ ಲೆಕ್ಕ ನನಗೆ ಗೊತ್ತಿರಲಿಲ್ಲ. ಶಾಲೆಯ ಹಣ ಮನೆ ಬೆಲೆಯ ಮೇಲೆ ನಿಲ್ಲಬಾರದು ಎಂಬುದಕ್ಕೆ ನಾನು ಮತ ಹಾಕುತ್ತೇನೆ. ಅಪ್ಪ ಓದಿದ ಕಾಲೇಜು ಅಂತ ಮಗನಿಗೆ ಸೀಟು ಕೊಡುವುದೂ ಹೋಗಬೇಕು. ಹಾರ್ವರ್ಡ್‌ನಲ್ಲಿ ಹಾಗೆ ಅರ್ಜಿ ಹಾಕಿದವರಲ್ಲಿ ಮೂರರಲ್ಲಿ ಒಬ್ಬರಿಗೆ ಸೀಟು ಸಿಗುತ್ತಿತ್ತು, ಉಳಿದವರಲ್ಲಿ ನೂರಕ್ಕೆ 6 ಜನರಿಗೆ. 2024ರಲ್ಲಿ ಕ್ಯಾಲಿಫೋರ್ನಿಯಾ ಖಾಸಗಿ ಕಾಲೇಜುಗಳಲ್ಲೂ ಅದನ್ನು ನಿಷೇಧಿಸಿತು. ಒಳ್ಳೆಯದಾಯಿತು. 2023ರಲ್ಲಿ ರಾಜ್ ಚೆಟ್ಟಿ ಮತ್ತು ಜೊತೆಗಾರರು ತೋರಿಸಿದ ಹಾಗೆ, ಕಾಲೇಜು ಪ್ರವೇಶದ ಸ್ಯಾಟ್ ಪರೀಕ್ಷೆಯಲ್ಲಿ ಒಂದೇ ಅಂಕ ಇದ್ದರೂ ಆದಾಯದಲ್ಲಿ ಮೇಲಿನ ಶೇ 1ರ ಮನೆಯ ಮಕ್ಕಳು ಹಾರ್ವರ್ಡ್‌ನಂಥ ಐವಿ ಕಾಲೇಜುಗಳಿಗೆ ಸೇರುವುದು ಮಧ್ಯಮ ವರ್ಗದ ಮಕ್ಕಳಿಗಿಂತ ಎರಡು ಪಟ್ಟು ಜಾಸ್ತಿ.

ಆದಾಯ ನೋಡಿ, ಊರು ನೋಡಿ, ಶಾಲೆ ನೋಡಿ. ಎಲ್ಲ ಒಪ್ಪುತ್ತೇನೆ. ಚರ್ಮದ ಬಣ್ಣದ ಡಬ್ಬಿಯಲ್ಲಿ ಟಿಕ್ ಹಾಕಿಸುವುದನ್ನು ಮಾತ್ರ ಒಪ್ಪುವುದಿಲ್ಲ. ಅಲ್ಲಿ ನಾನು ಇದ್ದಲ್ಲೇ ಇದ್ದೇನೆ.

ತುಂಗಾತೀರ, ಮಿಚಿಗನ್

ನಾವು ಇಷ್ಟು ಹತ್ತಿರ ಬಂದದ್ದೇ ನನಗೆ ದೊಡ್ಡದು. ಆದರೂ ಉಳಿದ ದೂರವನ್ನು ಮುಚ್ಚಿಡಬಾರದು.

ಹಾರ್ವರ್ಡ್ ತೀರ್ಪಿನ ನಂತರ ಎಂಐಟಿಗೆ ಸೇರಿದ ಮೊದಲ ತಂಡದಲ್ಲಿ ಕಪ್ಪು ವಿದ್ಯಾರ್ಥಿಗಳು ಶೇ 13ರಿಂದ ಶೇ 5ಕ್ಕೆ ಇಳಿದರು. ಏಷ್ಯನ್ ಮಕ್ಕಳು ಶೇ 40ರಿಂದ ಶೇ 47ಕ್ಕೆ ಏರಿದರು. ಬಿಳಿಯರದು ಹೆಚ್ಚು ಕಡಿಮೆ ಅಷ್ಟೇ ಇತ್ತು. ಈ ಬದಲಾವಣೆಯಿಂದ ಲಾಭವಾದದ್ದು ನಮ್ಮ ಮಕ್ಕಳಿಗೆ. ಅವರು ಕಷ್ಟಪಟ್ಟು ಓದಿದವರೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಬಣ್ಣ ನೋಡಿ ಕಿತ್ತುಕೊಂಡದ್ದನ್ನು ಬಣ್ಣ ನೋಡದೆ ವಾಪಸ್ ಕೊಡುವುದು ಹೇಗೆ ಎಂಬುದಕ್ಕೆ ನನಗೆ ಇನ್ನೂ ಯಾರೂ ಒಪ್ಪುವಂಥ ಉತ್ತರ ಕೊಟ್ಟಿಲ್ಲ.

ಯುದ್ಧಕಾಲದಲ್ಲಿ ಶಿಬಿರಕ್ಕೆ ಹಾಕಿದ್ದ ಜಪಾನಿ ಅಮೆರಿಕನ್ನರಲ್ಲಿ ಬದುಕಿದ್ದವರಿಗೆ 1988ರಲ್ಲಿ ತಲಾ 20,000 ಡಾಲರ್ ಕೊಡುವ ಕಾನೂನಿಗೆ ಸಹಿ ಹಾಕಿದವರು ರೇಗನ್. ಅವರು ಎಡಪಂಥೀಯರೇನಲ್ಲ. ಚಿಕಾಗೊ ಪಕ್ಕದ ಇವಾನ್‌ಸ್ಟನ್ ನಗರ 2021ರಲ್ಲಿ ಅದೇ ದಾರಿ ಹಿಡಿಯಿತು. 1919ರಿಂದ 1969ರ ನಡುವೆ ಆ ಊರಲ್ಲಿದ್ದ ಕಪ್ಪು ನಿವಾಸಿಗಳಿಗೆ, ಅವರ ವಂಶದವರಿಗೆ ಮನೆಗೆಂದು 25,000 ಡಾಲರ್ ಕೊಡಲು ಶುರು ಮಾಡಿತು. ಅದರ ಮೇಲೂ 2024ರಲ್ಲಿ ಮೊಕದ್ದಮೆ ಬಿತ್ತು. ಆದರೂ ನನಗೆ ಆ ದಾರಿ ಇಷ್ಟ. ಅಲ್ಲಿ ಯಾರೂ ತಪ್ಪೊಪ್ಪಿಗೆ ಕೇಳುವುದಿಲ್ಲ. ಇಂಥ ಊರು, ಇಂಥ ಕಾಲ, ಇಂಥ ನಿಯಮ, ಇಷ್ಟು ನಷ್ಟ ಅಂತ ಹೇಳುತ್ತಾರೆ.

ಅಂಕಿಅಂಶ ಅವರೇ, ಪೇಜರ್ ಪ್ರಯೋಗದ ಮಾತು ಸರಿ. ಅದಕ್ಕೂ ನನಗೆ ಕಾಣುವುದು ಕಾನೂನಿನ ದಾರಿಯೇ. ಕೆಲಸ ಕೊಡುವವರ ಮೇಲೆ ಇಂಥ ಪರೀಕ್ಷೆಯನ್ನು ಸರ್ಕಾರವೇ ನಡೆಸಲಿ, ಸಿಕ್ಕಿಬಿದ್ದರೆ ದಂಡ ಹಾಕಲಿ. ತರಬೇತಿ ಕೋಣೆಯಲ್ಲಿ ಸುಮ್ನೆ ತಲೆ ಆಡಿಸುವುದರಿಂದ ಯಾರಿಗೂ ಕೆಲಸ ಸಿಗುವುದಿಲ್ಲ.

ಟೀಚರಮ್ಮ, ಒಂದು ಕೇಳಬೇಕು. 1973ರಲ್ಲಿ ಸೋತ ಮೇಲೆ ಎಜ್‌ವುಡ್‌ನವರು ಏನು ಮಾಡಿದರು?

ಟೀಚರಮ್ಮ, ಸ್ಯಾನ್ ಆಂಟೋನಿಯೊ

ಬಿಡಲಿಲ್ಲ. 1984ರಲ್ಲಿ ರಾಜ್ಯದ ಕೋರ್ಟಿಗೆ ಹೋದರು. ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣದ ಹಕ್ಕು ಇಲ್ಲದಿದ್ದರೆ ಏನಂತೆ, ಟೆಕ್ಸಾಸ್ ಸಂವಿಧಾನದಲ್ಲಿ ಸಾರ್ವಜನಿಕ ಶಾಲೆ ನಡೆಸುವ ಹೊಣೆ ರಾಜ್ಯದ ಮೇಲೇ ಇದೆ. 1989ರಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟು ಒಮ್ಮತದಿಂದ ಅವರ ಪರ ತೀರ್ಪು ಕೊಟ್ಟಿತು. ಶಾಸನಸಭೆ ಎರಡು ಮೂರು ಸಲ ಎಡವಿ, 1993ರಲ್ಲಿ ಒಂದು ಕಾನೂನು ಮಾಡಿತು. ಆಸ್ತಿ ಜಾಸ್ತಿ ಇರುವ ಡಿಸ್ಟ್ರಿಕ್ಟ್‌ಗಳು ಒಂದು ಮಿತಿಗಿಂತ ಮೇಲಿನ ತೆರಿಗೆ ಹಣವನ್ನು ಹಂಚಿಕೊಳ್ಳಬೇಕು. ಇಲ್ಲಿನ ಜನ ಅದನ್ನು ರಾಬಿನ್ ಹುಡ್ ಕಾನೂನು ಅನ್ನುತ್ತಾರೆ. ಈಗಲೂ ಜಾರಿಯಲ್ಲಿದೆ.

ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಆಸ್ಟಿನ್ ಬಹಳ ದೊಡ್ಡ ಮೊತ್ತ ಕಟ್ಟುತ್ತದೆ. ಅಲ್ಲೂ ಬಡ ಮಕ್ಕಳು ತುಂಬ ಇದ್ದಾರೆ. ಅಲ್ಲಿಂದ ಬಂದ ಹಣ ನೆಪ ಮಾಡಿಕೊಂಡು ರಾಜ್ಯ ತನ್ನ ಪಾಲನ್ನು ಕಡಿಮೆ ಮಾಡುತ್ತದೆ ಎಂಬ ದೂರು ಇದೆ, ಆ ದೂರು ನ್ಯಾಯವಾದದ್ದು ಅಂತ ನನಗೆ ಅನ್ನಿಸುತ್ತದೆ. ನಮ್ಮ ಕನ್ನಡದ ಸ್ನೇಹಿತರು ತುಂಬ ಇರುವ ಡಲ್ಲಾಸ್ ಸುತ್ತಿನ ಡಿಸ್ಟ್ರಿಕ್ಟ್‌ಗಳಲ್ಲಿ ಈ ಕಾನೂನನ್ನು ಬೈಯುವವರೇ ಜಾಸ್ತಿ. ಅವರ ಜೊತೆ ನಾನು ವಾದ ಮಾಡುತ್ತೇನೆ. ಕೆಲವರು ಕೇಳಿಸಿಕೊಳ್ಳುತ್ತಾರೆ.

ನಿಮ್ಮ ಊರುಗಳಲ್ಲಿ ಶಾಲೆಗೆ ಸಾಲ ಎತ್ತುವ ಬಾಂಡ್‌ಗೆ, ಸ್ಕೂಲ್ ಬೋರ್ಡ್‌ಗೆ ಚುನಾವಣೆ ಬಂದಾಗ ಮತದಾನ ತೀರಾ ಕಡಿಮೆ ಇರುತ್ತದೆ. ಪೌರತ್ವ ಇರುವವರು ಹೋಗಿ ಮತ ಹಾಕಿ. ಇಲ್ಲದವರು ಬೋರ್ಡ್ ಸಭೆಯಲ್ಲಿ ಎದ್ದು ಮಾತಾಡಬಹುದು. ನಾನು ಗ್ರೀನ್ ಕಾರ್ಡ್ ಬರುವ ಮೊದಲೇ ಮಾತಾಡಿದ್ದೇನೆ, ಯಾರೂ ತಡೆಯಲಿಲ್ಲ. ಹಣ ಎಲ್ಲಿಗೆ ಹೋಗಬೇಕೆಂದು ತೀರ್ಮಾನ ಆಗುವುದು ಅಲ್ಲಿ. ಬಜೆಟ್ ಪ್ರತಿ ಕೇಳಿದರೆ ಕೊಡುತ್ತಾರೆ. ಅದರಲ್ಲಿ ಯಾವ ಶಾಲೆಗೆ ಮಗುವೊಂದಕ್ಕೆ ಎಷ್ಟು ಎಂಬ ಪುಟವನ್ನು ಮೊದಲು ನೋಡಿ.